ವಿಮಾನ ನಡೆಸುವವರ ಅಪ್ಪಣೆ ಪತ್ರವೂ ಅದರ ಮೇಲಣ ಕಟ್ಟುಗಳೂ

ಕಳೆದ ದಸರಾ ರಜೆಗೆ ಮುಂಚಿನ ಒಂದು ಸಾಯಂಕಾಲ, ಕೊನೆಯ ಗಂಟೆ ಬಾರಿಸಿ ಮಕ್ಕಳೆಲ್ಲರೂ ಮನೆಗೆ ಹೊರಟುಹೋದ ಮೇಲೆ, ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳ ತಂದೆಯವರು ನನ್ನ ಕೊಠಡಿಯ ಬಾಗಿಲಿಗೆ ಬಂದು ನಿಂತರು. ಅವರು ಹೆಸರಘಟ್ಟದ ಕಡೆ ಸ್ವಲ್ಪ ಜಮೀನು ಇಟ್ಟುಕೊಂಡು ರಾಗಿಯನ್ನೂ ತರಕಾರಿಯನ್ನೂ ಬೆಳೆಯುವವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಸುತ್ತಿದ ಕಾಗದಗಳಿದ್ದವು. ಮಗಳು ವಿಮಾನ ನಡೆಸುವ ವಿದ್ಯೆಯನ್ನು ಕಲಿತು, ವಾಣಿಜ್ಯ ಪೈಲಟ್ ಲೈಸೆನ್ಸನ್ನು ಪಡೆದು ಒಂದು ವರ್ಷ ಕಳೆದಿತ್ತು. ಕೆಲಸ ಮಾತ್ರ ದೊರೆತಿರಲಿಲ್ಲ. “ಅಮ್ಮಾವ್ರೇ, ಲೈಸೆನ್ಸು ಬಂದ ಮೇಲೆ ಎಲ್ಲಾ ಮುಗೀತು ಅಂದ್ಕೊಂಡಿದ್ವಿ. ಈಗ ಇನ್ನೊಂದು ರೇಟಿಂಗ್ ಬೇಕಂತೆ, ಅದೂ ಒಂದೇ ಜಾತಿ ವಿಮಾನಕ್ಕಂತೆ. ರಸ್ತೆ ಪಕ್ಕದ ಹತ್ತು ಗುಂಟೆ ಮಾರಿದ್ರೆ ಆಗುತ್ತೆ. ಮಾರಲೋ ಬೇಡವೋ, ನೀವೇ ಹೇಳಿ,” ಎಂದರು.

ಆ ಕ್ಷಣದಲ್ಲಿ ನನಗೆ ಉತ್ತರ ತಿಳಿದಿರಲಿಲ್ಲ. ಮುಖ್ಯೋಪಾಧ್ಯಾಯಿನಿಯಾದವಳಿಗೆ ಎಲ್ಲವೂ ತಿಳಿದಿರುವುದೆಂದು ಪೋಷಕರು ನಂಬುವುದು ನಮ್ಮ ವೃತ್ತಿಯ ಸುಖಗಳಲ್ಲೊಂದು, ಕಷ್ಟಗಳಲ್ಲಿಯೂ ಒಂದು. ಹದಿನೈದು ದಿವಸ ಅವಕಾಶವನ್ನು ಕೇಳಿಕೊಂಡು, ಓದತಕ್ಕದ್ದನ್ನು ಓದಿ, ಆ ವೃತ್ತಿಯಲ್ಲಿರುವ ಇಬ್ಬರು ಪೂರ್ವ ವಿದ್ಯಾರ್ಥಿನಿಯರನ್ನು ವಿಚಾರಿಸಿ, ಒಂದು ಅಭಿಪ್ರಾಯಕ್ಕೆ ಬಂದೆನು. ಈ ವಿದ್ಯೆಯ ಕಡೆ ಮನಸ್ಸು ಹೋದ ಹುಡುಗಿಯರು ನಮ್ಮಲ್ಲಿ ವರ್ಷೇ ವರ್ಷೇ ಹೆಚ್ಚುತ್ತಿರುವುದರಿಂದ, ಅವರಿಗೆ ಹೇಳಿದ್ದನ್ನೇ ಈ ಸ್ಮರಣ ಸಂಚಿಕೆಯ ಮೂಲಕ ನಿಮ್ಮೆಲ್ಲರ ಮುಂದೆಯೂ ಇಡುತ್ತೇನೆ.

ಸೋಲದೇವನಹಳ್ಳಿಯ ಮಕ್ಕಳಿಗೆ ವಿಮಾನವೆಂಬುದು ದೂರದ ವಸ್ತುವಲ್ಲ. ನಮ್ಮ ಪೂರ್ವಕ್ಕೆ ಯಲಹಂಕದ ವಾಯುಪಡೆಯ ನೆಲೆಯಿದೆ. ಅದಕ್ಕೆ ಸಮೀಪದಲ್ಲಿಯೇ ಜಕ್ಕೂರಿನಲ್ಲಿ ೧೯೪೦ರ ದಶಕದ ಕೊನೆಯಲ್ಲಿ ಸ್ಥಾಪಿತವಾದ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯಿದೆ. ಈಶಾನ್ಯಕ್ಕೆ, ೨೦೦೮ನೆಯ ಇಸವಿ ಮೇ ತಿಂಗಳಲ್ಲಿ ತೆರೆದ ದೇವನಹಳ್ಳಿಯ ವಿಮಾನ ನಿಲ್ದಾಣವಿದೆ. ಯಲಹಂಕದಲ್ಲಿ ೧೯೯೬ರಿಂದ ನಡೆಯುತ್ತ ಬಂದಿರುವ ವೈಮಾನಿಕ ಪ್ರದರ್ಶನದ ವಾರದಲ್ಲಿ ನಮ್ಮ ಒಂಬತ್ತನೆಯ ತರಗತಿಗೆ ಬೀಜಗಣಿತವನ್ನು ಕಲಿಸುವುದು ಯಾವ ಉಪಾಧ್ಯಾಯಿನಿಯಿಂದಲೂ ಆಗದ ಕೆಲಸ. ಇಷ್ಟು ಹತ್ತಿರದಲ್ಲಿದ್ದರೂ, ಅದನ್ನು ನಡೆಸುವವರ ಕೈಯಲ್ಲಿರುವ ಅಪ್ಪಣೆ ಪತ್ರದಲ್ಲಿ ಏನು ಬರೆದಿದೆಯೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಹದಿನೆಂಟು ವರ್ಷ ತುಂಬಿದವಳು, ನಿಯಮಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ವೈದ್ಯರಿಂದ ದೇಹಾರೋಗ್ಯದ ಯೋಗ್ಯತಾಪತ್ರವನ್ನು ಪಡೆದು, ೨೦೦ ಗಂಟೆಗಳ ಹಾರಾಟವನ್ನು ಪೂರೈಸಿದರೆ ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಅರ್ಹಳಾಗುತ್ತಾಳೆ. ಆ ಇನ್ನೂರರಲ್ಲಿ ನೂರು ಗಂಟೆಯಾದರೂ ತಾನೇ ಮುಖ್ಯ ಚಾಲಕಿಯಾಗಿ ಹಾರಿರತಕ್ಕದ್ದು. ಆದರೆ ಈ ಗಂಟೆಗಳನ್ನು ಆಕೆ ಸಂಪಾದಿಸುವುದು ಇಬ್ಬರೋ ನಾಲ್ವರೋ ಕುಳಿತುಕೊಳ್ಳುವ ಚಿಕ್ಕ ವಿಮಾನಗಳಲ್ಲಿ. ಲೈಸೆನ್ಸು ಕೈಗೆ ಬಂದ ಮಾತ್ರಕ್ಕೆ ನೂರೆಂಬತ್ತು ಮಂದಿ ಪ್ರಯಾಣಿಕರ ವಿಮಾನವನ್ನು ಮುಟ್ಟುವುದಕ್ಕೆ ಅವಳಿಗೆ ಅಧಿಕಾರ ಬರುವುದಿಲ್ಲ. ಇಬ್ಬರು ಪೈಲಟರಿಲ್ಲದೆ ನಡೆಸಕೂಡದೆಂದು ವಿಧಿಸಲ್ಪಟ್ಟ ಪ್ರತಿಯೊಂದು ಜಾತಿಯ ವಿಮಾನಕ್ಕೂ ಬೇರೆಯಾಗಿಯೇ ಒಂದು ಅರ್ಹತೆಯನ್ನು ಸಂಪಾದಿಸಿ, ಅದನ್ನು ಲೈಸೆನ್ಸಿನಲ್ಲಿ ಬರೆಯಿಸಿಕೊಳ್ಳಬೇಕು. ಇದಕ್ಕೇ ಟೈಪ್ ರೇಟಿಂಗ್ ಎಂದು ಹೆಸರು. ಏರ್‌ಬಸ್ ಎ-೩೨೦ಕ್ಕೆ ಒಂದು, ಬೋಯಿಂಗ್ ೭೩೭ಕ್ಕೆ ಇನ್ನೊಂದು, ರೆಕ್ಕೆಯ ಕೆಳಗೆ ಪಂಖ ತಿರುಗುವ ಎ-ಟಿ-ಆರ್ ವಿಮಾನಕ್ಕೆ ಮತ್ತೊಂದು. ಆಯಾ ವಿಮಾನದ ಯಂತ್ರಭಾಗಗಳ ಪಾಠ, ಪರೀಕ್ಷೆ, ಸಿಮ್ಯುಲೇಟರ್ ಎಂಬ ಅನುಕರಣ ಯಂತ್ರದಲ್ಲಿ ಅನೇಕ ದಿವಸಗಳ ಅಭ್ಯಾಸ, ಆಮೇಲೆ ನಿಜವಾದ ವಿಮಾನವನ್ನು ಏರಿಸಿ ಇಳಿಸಿ ತೋರಿಸುವುದು: ಇಷ್ಟಾದ ಮೇಲೆಯೇ ಆ ಒಂದು ಸಾಲು ಲೈಸೆನ್ಸಿನಲ್ಲಿ ಸೇರುತ್ತದೆ. ಆಗಲೂ ಅದು ಸಹಪೈಲಟಳ ಸ್ಥಾನಕ್ಕೆ ಮಾತ್ರ. ಮುಖ್ಯ ಪೈಲಟಳಾಗಬೇಕಾದರೆ ೧೫೦೦ ಗಂಟೆಗಳ ಹಾರಾಟವೂ, ಮೇಲಿನ ದರ್ಜೆಯ ಲೈಸೆನ್ಸೂ, ಅದೇ ಜಾತಿಯ ವಿಮಾನದಲ್ಲಿ ನಾಯಕತ್ವದ ತರಬೇತಿಯೂ ಬೇಕು.

ಹೀಗೆ ಪಡೆದದ್ದೂ ಸ್ಥಿರಾಸ್ತಿಯಲ್ಲ. ಹಿಂದಿನ ತೊಂಬತ್ತು ದಿವಸಗಳಲ್ಲಿ ಅದೇ ಜಾತಿಯ ವಿಮಾನವನ್ನು ಮೂರು ಸಾರಿಯಾದರೂ ಏರಿಸಿ ಇಳಿಸದಿದ್ದವಳು, ಮತ್ತೆ ಅಭ್ಯಾಸ ಮಾಡಿ ತೋರಿಸದೆ ಪ್ರಯಾಣಿಕರನ್ನು ಕರೆದೊಯ್ಯಲಾಗದು. ವಿಮಾನ ಕಂಪನಿಯಲ್ಲಿ ಕೆಲಸದಲ್ಲಿರುವವರಿಗೆ ವರ್ಷಕ್ಕೆರಡು ಸಾರಿ ಪರೀಕ್ಷೆ ತಪ್ಪದು. ಲೈಸೆನ್ಸಿನ ಅವಧಿಯನ್ನು ೨೦೨೩ರಲ್ಲಿ ಐದು ವರ್ಷದಿಂದ ಹತ್ತಕ್ಕೆ ಏರಿಸಿದ್ದಾರೆಂಬುದು ನಿಜ. ಆದರೆ ಅದರೊಳಗಿನ ಯೋಗ್ಯತೆಗಳು ಕೆಡದ ಹಾಗೆ ನೋಡಿಕೊಳ್ಳುವ ಹೊಣೆ ಹಾಗೆಯೇ ಉಳಿದಿದೆ.

ಆ ತಂದೆಯವರಿಗೆ ಇದೆಲ್ಲವೂ ಅನ್ಯಾಯವೆಂದೇ ತೋರಿತ್ತು. ಅವರ ನೆಂಟರೊಬ್ಬರು ಹುಡುಗಿಯ ಎದುರಿನಲ್ಲಿಯೇ, “ಇಷ್ಟು ದುಡ್ಡು ಸುರಿದು ಒಂದೇ ಥರದ ವಿಮಾನವೇ? ಅದೂ ಪಕ್ಕದಲ್ಲಿ ಕೂತ್ಕೊಳ್ಳೋದಕ್ಕೇ? ನಮ್ಮ ಹುಡುಗ ಲಾರಿ ಲೈಸೆನ್ಸಲ್ಲಿ ಯಾವ ಲಾರಿ ಬೇಕಾದ್ರೂ ಓಡಿಸ್ತಾನೆ,” ಎಂದು ಹಾಸ್ಯ ಮಾಡಿದ್ದರಂತೆ. ಹುಡುಗಿ ಎದ್ದು ಒಳಗೆ ಹೋದಳೆಂದು ಹೇಳುವಾಗ ತಂದೆಯವರ ಧ್ವನಿ ಸಣ್ಣದಾಯಿತು. ಈ ಹಾಸ್ಯಕ್ಕೆ ಉತ್ತರ ಹೇಳುವುದು ಅವಶ್ಯವೆಂದು ನನಗೆ ತೋರುತ್ತದೆ. ಏಕೆಂದರೆ ನಮ್ಮ ಹುಡುಗಿಯರು ಮುಂದೆ ಇನ್ನೂ ಅನೇಕ ಮನೆಗಳ ನಡುಮನೆಗಳಲ್ಲಿ ಇದನ್ನೇ ಕೇಳಬೇಕಾಗಬಹುದು.

ದೂರ ಹೋಗಬೇಕಾಗಿಲ್ಲ, ನಮ್ಮ ಊರಿನ ರೈಲು ನಿಲ್ದಾಣವನ್ನೇ ನೋಡಿರಿ. ತುಮಕೂರಿನ ದಾರಿಯಲ್ಲಿ ಇಲ್ಲಿ ನಿಂತು ಹೋಗುವ ಗಾಡಿಯ ಚಾಲಕನು ಎಷ್ಟೇ ವರ್ಷ ಎಂಜಿನ್ ನಡೆಸಿದವನಾಗಿದ್ದರೂ, ತಾನು ಕಲಿಯದ ಹಳಿಯ ಮೇಲೆ ಸ್ವಂತ ಹೊಣೆಯಿಂದ ಗಾಡಿಯನ್ನು ನಡೆಸಲಾರನು. ಮೊದಲು ಆ ಹಾದಿ ಬಲ್ಲವನ ಜೊತೆಯಲ್ಲಿ ಹೋಗಿ, ಎಲ್ಲಿ ತಿರುವು, ಎಲ್ಲಿ ಏರು, ಎಲ್ಲಿ ಕೈಮರ ಎಂಬುದನ್ನು ಕಂಡುಕೊಂಡು, ತನಗೆ ಈ ಹಾದಿ ಗೊತ್ತಿದೆಯೆಂದು ರುಜು ಹಾಕಬೇಕು. ಆ ಹಾದಿಯನ್ನು ಬಹುಕಾಲ ಬಿಟ್ಟಿದ್ದರೆ ಪುನಃ ಕಲಿಯಬೇಕು. ನಾವು ಉಪಾಧ್ಯಾಯಿನಿಯರಾದರೂ ಹಾಗೆಯೇ. ಚರಿತ್ರೆಯನ್ನೂ ಕನ್ನಡವನ್ನೂ ಬೋಧಿಸುವ ತರಬೇತಿಯನ್ನು ಪಡೆದ ನನ್ನನ್ನು ನಾಳೆ ಹತ್ತನೆಯ ತರಗತಿಯ ಭೌತಶಾಸ್ತ್ರಕ್ಕೆ ನಿಲ್ಲಿಸಿದರೆ ಅದರಿಂದ ನನಗೆ ಗೌರವ ಹೆಚ್ಚುವುದಿಲ್ಲ, ಮಕ್ಕಳಿಗೆ ಕೆಡಕಾಗುತ್ತದೆ. (ಒಮ್ಮೆ ಹಾಗೆ ನಿಂತದ್ದೂ ಉಂಟು. ಆ ವರ್ಷದ ಮಕ್ಕಳು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.)

ವಿಮಾನದಲ್ಲಿ ಒಂದು ಜಾತಿಗೂ ಇನ್ನೊಂದಕ್ಕೂ ಇರುವ ಅಂತರವೇನೆಂಬುದನ್ನು ಬೆಂಗಳೂರು ಬಹು ದುಃಖದಿಂದ ತಿಳಿದುಕೊಂಡಿತು. ೧೯೯೦ನೆಯ ಇಸವಿ ಫೆಬ್ರವರಿ ೧೪ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ೬೦೫ನೆಯ ಸಂಖ್ಯೆಯ ವಿಮಾನವು, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಆಗಿನ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯಬೇಕಾಗಿದ್ದುದು, ಓಟದ ಹಾದಿಯನ್ನು ಮುಟ್ಟದೆ ಅದಕ್ಕಿಂತ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿದ್ದಿತು. ಒಳಗಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ತೀರಿಕೊಂಡರು. ಬಿರುಗಾಳಿಯಿರಲಿಲ್ಲ, ಮಂಜಿರಲಿಲ್ಲ. ನಾನು ಆಗ ಮಿಷನ್ ವಸತಿ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ. ಮರುದಿನ ಬೆಳಗಿನ ಪ್ರಾರ್ಥನೆಯ ಕಾಲದಲ್ಲಿ ನಮ್ಮನ್ನೆಲ್ಲ ಎರಡು ನಿಮಿಷ ಮೌನವಾಗಿ ನಿಲ್ಲಿಸಿದ್ದು ಇಂದಿಗೂ ನೆನಪಿದೆ. ಏತಕ್ಕೆ ಬಿದ್ದಿತೆಂಬುದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ತರುವಾಯ.

ಎ-೩೨೦ ಜಾತಿಯ ವಿಮಾನಗಳು ಇಂಡಿಯನ್ ಏರ್‌ಲೈನ್ಸಿಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಹಿಂದಿನ ವಿಮಾನಗಳಲ್ಲಿ ಎರಡು ಮೊಣಕಾಲುಗಳ ನಡುವೆ ಇರುತ್ತಿದ್ದ ಹಿಡಿಗೆ ಬದಲಾಗಿ ಇದರಲ್ಲಿ ಪಕ್ಕದಲ್ಲೊಂದು ಚಿಕ್ಕ ಹಿಡಿ. ಎಂಜಿನ್ನಿನ ಶಕ್ತಿಯನ್ನು ಯಂತ್ರವೇ ಹೆಚ್ಚಿಸಿ ಕಡಿಮೆ ಮಾಡುತ್ತಿರುವಾಗ ಹಳೆಯ ವಿಮಾನಗಳಲ್ಲಿ ಸನ್ನೆಗೋಲುಗಳು ಪೈಲಟನ ಕೈಯ ಕೆಳಗೆ ತಾವಾಗಿಯೇ ಚಲಿಸುತ್ತಿದ್ದವು; ನೋಡದೆಯೇ ಕೈಗೆ ತಿಳಿಯುತ್ತಿತ್ತು. ಎ-೩೨೦ದಲ್ಲಿ ಅವು ಚಲಿಸುವುದಿಲ್ಲ, ಕಣ್ಣಿಟ್ಟು ಫಲಕವನ್ನೇ ಓದಬೇಕು. ಅಂದು ಎಡದ ಆಸನದಲ್ಲಿದ್ದವರು ಈ ಹೊಸ ಜಾತಿಯ ವಿಮಾನದ ನಾಯಕತ್ವಕ್ಕಾಗಿ ಪರೀಕ್ಷೆ ಕೊಡುತ್ತಿದ್ದ ಪೈಲಟರು, ಬಲದಲ್ಲಿದ್ದವರು ಅವರನ್ನು ಪರೀಕ್ಷಿಸುತ್ತಿದ್ದವರು. ಇಬ್ಬರೂ ಹಳಬರೇ, ಅನುಭವಿಗಳೇ. ವಿಮಾನವು ಇಳಿಯುತ್ತ ಬರುವಾಗ ಎಂಜಿನ್ನುಗಳು ತೀರ ಕಡಿಮೆ ಶಕ್ತಿಯಲ್ಲಿ ನಡೆಯುವ ಕ್ರಮದಲ್ಲಿಯೇ ಉಳಿದುಬಿಟ್ಟವು. ವೇಗ ಕುಗ್ಗುತ್ತ ಹೋಯಿತು. ನಾನೂರು, ಮುನ್ನೂರು, ಇನ್ನೂರು ಅಡಿ ಎಂದು ಯಂತ್ರವು ಎತ್ತರವನ್ನು ಕೂಗಿ ಹೇಳಿದರೂ ಅಪಾಯದ ಗುರುತ್ವವನ್ನು ತಕ್ಷಣ ಅರಿತು ಶಕ್ತಿಯನ್ನು ಹೆಚ್ಚಿಸಲಿಲ್ಲವೆಂದು ಹೈಕೋರ್ಟಿನ ನ್ಯಾಯಾಧೀಶರು ನಡೆಸಿದ ವಿಚಾರಣೆಯಲ್ಲಿ ತೀರ್ಮಾನವಾಯಿತು. ವಿಮಾನದ ರಚನೆಯೇ ಪೈಲಟರನ್ನು ತಪ್ಪುದಾರಿಗೆಳೆಯುವಂಥದೆಂದು ವಾದಿಸಿದವರೂ ಇದ್ದರು. ಉಳಿದ ಎ-೩೨೦ಗಳನ್ನು ಸರ್ಕಾರವು ಹಲವು ತಿಂಗಳು ನೆಲದ ಮೇಲೆಯೇ ನಿಲ್ಲಿಸಿತ್ತು.

ಗತಿಸಿದವರ ಮೇಲೆ ತಪ್ಪು ಹೊರಿಸುವುದಕ್ಕಾಗಿ ನಾನಿದನ್ನು ಎತ್ತಲಿಲ್ಲ. ಸಾವಿರಾರು ಗಂಟೆ ಹಾರಿದವರ ಕೈಗಳೂ ಹೊಸ ಯಂತ್ರದ ಮುಂದೆ ಹೊಸಬರ ಕೈಗಳೇ ಆಗುತ್ತವೆ ಎಂಬುದನ್ನು ಹೇಳುವುದಕ್ಕಾಗಿ ಎತ್ತಿದೆನು. ಹಳೆಯ ಅಭ್ಯಾಸವು ಕೆಲವು ಸಲ ಸಹಾಯಕ್ಕೆ ಬರುವುದಿಲ್ಲ, ಅಡ್ಡ ಬರುತ್ತದೆ. ಲಾರಿಯ ಮಾತನ್ನಾಡಿದ ಆ ನೆಂಟರು ತಮ್ಮ ಮಗನನ್ನು ಎ-೩೨೦ದಲ್ಲಿ ಕೂಡಿಸಿ ಮಗಳ ಮದುವೆಗೆ ಮುಂಬಯಿಯಿಂದ ಬರುವಾಗ, ಮುಂದೆ ಕುಳಿತವರು ಯಾವ ವಿಮಾನ ಬೇಕಾದರೂ ನಡೆಸುವವರಾಗಿರಲಿ ಎಂದು ಬಯಸುವರೋ, ಅಥವಾ ಇದೊಂದನ್ನೇ ಚೆನ್ನಾಗಿ ಬಲ್ಲವರಾಗಿರಲಿ ಎಂದೋ?

ಜಾತಿಯೆಂಬ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಎ-೩೧೮, ೩೧೯, ೩೨೦, ೩೨೧ ಎಂಬ ನಾಲ್ಕು ಅಳತೆಯ ಅಕ್ಕತಂಗಿ ವಿಮಾನಗಳಿಗೆ ಒಂದೇ ಅರ್ಹತೆ ಸಾಕು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ವ್ಯತ್ಯಾಸಗಳ ಪಾಠವೊಂದನ್ನು ಕಲಿತರಾಯಿತು. ಇದು ನ್ಯಾಯವೇ. ಆದರೆ ಎಲ್ಲಿಯವರೆಗೆ ಅಕ್ಕತಂಗಿಯರು, ಎಲ್ಲಿಂದಾಚೆಗೆ ಬೇರೆ ಮನೆಯವರು ಎಂಬುದನ್ನು ನಿರ್ಣಯಿಸುವಾಗ ಹಣದ ಆಸೆ ನಡುವೆ ಬಂದರೆ ಏನಾಗುವುದೆಂಬುದನ್ನು ಬೋಯಿಂಗ್ ೭೩೭ ಮ್ಯಾಕ್ಸ್ ತೋರಿಸಿಕೊಟ್ಟಿತು. ಹಳೆಯ ೭೩೭ರ ಅರ್ಹತೆಯುಳ್ಳವರು ಸಿಮ್ಯುಲೇಟರಿನ ಅಭ್ಯಾಸವಿಲ್ಲದೆಯೇ ಇದನ್ನು ನಡೆಸಬಹುದೆಂಬುದು ಅದರ ಮಾರಾಟದ ಮುಖ್ಯ ಆಕರ್ಷಣೆಯಾಗಿತ್ತು. ಒಂದು ವೇಳೆ ಅಂಥ ಅಭ್ಯಾಸ ಬೇಕೆಂದಾದರೆ ವಿಮಾನವೊಂದಕ್ಕೆ ಹತ್ತು ಲಕ್ಷ ಡಾಲರು ಬಿಟ್ಟುಕೊಡುವೆವೆಂದು ಅಮೆರಿಕದ ಒಂದು ಕಂಪನಿಗೆ ಮಾತು ಕೊಟ್ಟಿದ್ದರೆಂಬುದೂ ಆಮೇಲೆ ಹೊರಬಿತ್ತು. ಅದರೊಳಗೆ ಮೂತಿಯನ್ನು ತಾನಾಗಿಯೇ ಕೆಳಕ್ಕೆ ತಳ್ಳುವ ಹೊಸ ಏರ್ಪಾಡೊಂದಿತ್ತು. ಪೈಲಟರ ಕೈಪಿಡಿಯಲ್ಲಿ ಅದರ ವಿವರಣೆಯಿರಲಿಲ್ಲ. ೨೦೧೮ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದ ಸಮುದ್ರದಲ್ಲಿ ೧೮೯ ಮಂದಿ, ೨೦೧೯ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿ ೧೫೭ ಮಂದಿ ಪ್ರಾಣ ಕಳೆದುಕೊಂಡರು. ಲೋಕದಾದ್ಯಂತ ಆ ವಿಮಾನಗಳನ್ನು ನಿಲ್ಲಿಸಿದರು. ನಮ್ಮ ದೇಶದಲ್ಲಿ ಅವು ಮತ್ತೆ ಹಾರಲು ಅಪ್ಪಣೆ ದೊರೆತದ್ದು ೨೦೨೧ರ ಆಗಸ್ಟಿನಲ್ಲಿ; ಅಷ್ಟರಲ್ಲಿ ಸಿಮ್ಯುಲೇಟರಿನ ಅಭ್ಯಾಸ ಕಡ್ಡಾಯವಾಗಿತ್ತು. ಆದುದರಿಂದ ಕಟ್ಟುಗಳು ಅತಿಯಾದವೆಂದು ಗೊಣಗುವವರೊಡನೆ ನಾನು ಸೇರಲಾರೆನು. ಅವು ಸಡಿಲವಾದಲ್ಲಿ ಬೆಲೆ ತೆತ್ತವರು ಹಿಂದೆ ಕುಳಿತಿದ್ದ ತಾಯಂದಿರೂ ಮಕ್ಕಳೂ.

ಲೈಸೆನ್ಸಿನ ಮೇಲೆ ಬರೆಯುವ ಇತರ ಕಟ್ಟುಗಳ ವಿಷಯದಲ್ಲಿಯೂ ಎರಡು ಮಾತು ಹೇಳಬೇಕು. ಇವುಗಳ ಬಗ್ಗೆ ನಮ್ಮ ಪೋಷಕರಲ್ಲಿ ತಪ್ಪು ತಿಳಿವಳಿಕೆ ಬಹಳವಾಗಿದೆ. ಕನ್ನಡಕ ಹಾಕುವ ಹುಡುಗಿ ಪೈಲಟಳಾಗಲಾರಳೆಂದು ಎಂಟನೆಯ ತರಗತಿಯಲ್ಲಿಯೇ ಮಗಳ ಆಸೆಯನ್ನು ಮುರಿದ ತಾಯಿಯೊಬ್ಬರನ್ನು ನಾನು ಬಲ್ಲೆನು. ಅದು ಹಾಗಲ್ಲ. ಕನ್ನಡಕದಿಂದ ದೃಷ್ಟಿ ಸರಿಯಾಗುವುದಾದರೆ, ಹಾರಾಟದ ಕಾಲದಲ್ಲಿ ಕನ್ನಡಕವನ್ನು ಧರಿಸಿರತಕ್ಕದ್ದು, ಇನ್ನೊಂದು ಜೊತೆಯನ್ನು ಕೈಗೆಟಕುವಂತೆ ಇಟ್ಟುಕೊಂಡಿರತಕ್ಕದ್ದು ಎಂದು ಬರೆದು ಯೋಗ್ಯತಾಪತ್ರವನ್ನು ಕೊಡುತ್ತಾರೆ. ಅಷ್ಟೇ. ಇಂಗ್ಲಿಷಿನ ವಿಷಯವೂ ಹೀಗೆಯೇ. ದೇಶದೇಶಗಳ ನಡುವೆ ಹಾರುವ ಪೈಲಟರ ಭಾಷಾ ಸಾಮರ್ಥ್ಯವನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ನಾಲ್ಕನೆಯದನ್ನು ಮುಟ್ಟಿದವರು ಕೆಲಸ ಮಾಡಬಹುದು, ಆದರೆ ಕೆಲವು ವರ್ಷಗಳಿಗೊಮ್ಮೆ ಪುನಃ ಪರೀಕ್ಷೆ ಕೊಡಬೇಕು. ಆರನೆಯದನ್ನು ಮುಟ್ಟಿದವರಿಗೆ ಮತ್ತೆ ಪರೀಕ್ಷೆಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗಿಯರು ಇದಕ್ಕೆ ಹೆದರಬೇಕಾಗಿಲ್ಲ. ಉಚ್ಚಾರದ ಬೆಡಗನ್ನು ಅಲ್ಲಿ ಕೇಳುವುದಿಲ್ಲ, ಹೇಳಿದ್ದು ಎದುರಿನವರಿಗೆ ತಪ್ಪದೆ ತಿಳಿಯಬೇಕೆಂಬುದನ್ನು ಕೇಳುತ್ತಾರೆ.

ಈ ಪದ್ಧತಿಗೆಲ್ಲ ತಾಯಿಬೇರು, ಎರಡನೆಯ ಮಹಾಯುದ್ಧವು ಇನ್ನೂ ನಡೆಯುತ್ತಿರುವಾಗಲೇ, ೧೯೪೪ನೆಯ ಇಸವಿ ಡಿಸೆಂಬರ್ ೭ರಂದು ಷಿಕಾಗೋ ನಗರದಲ್ಲಿ ಆದ ರಾಷ್ಟ್ರಗಳ ಒಡಂಬಡಿಕೆ. ಅದರ ೩೯ನೆಯ ವಿಧಿಯನ್ನು ಓದಿ ನಾನು ಮೆಚ್ಚಿದೆನು. ಲೈಸೆನ್ಸು ಪಡೆದವರು ಅಂತರರಾಷ್ಟ್ರೀಯ ಅಳತೆಗೆ ಯಾವ ಯಾವ ಅಂಶಗಳಲ್ಲಿ ಪೂರ್ತಿಯಾಗಿ ನಿಲುಕುವುದಿಲ್ಲವೋ ಅವನ್ನೆಲ್ಲ ಬಿಡದೆ ಆ ಲೈಸೆನ್ಸಿನ ಮೇಲೆಯೇ ಬರೆಯತಕ್ಕದ್ದೆಂದು ಅದು ವಿಧಿಸುತ್ತದೆ. ಮುಂದಿನ ವಿಧಿಯ ಪ್ರಕಾರ, ಹಾಗೆ ಬರೆಯಲ್ಪಟ್ಟವರು ಬೇರೊಂದು ದೇಶದೊಳಕ್ಕೆ ವಿಮಾನವನ್ನು ತರಬೇಕಾದರೆ ಆ ದೇಶದ ಸಮ್ಮತಿ ಬೇಕು. ನಾವು ಕೊಡುವ ಯೋಗ್ಯತಾಪತ್ರಗಳನ್ನು ನೆನೆದುಕೊಳ್ಳಿರಿ. ನಡತೆ ಉತ್ತಮ, ಶ್ರದ್ಧೆ ಉತ್ತಮ, ಎಲ್ಲವೂ ಉತ್ತಮವೆಂದು ಬರೆದು ಕೊಡುವ ನಮ್ಮ ಕೈ, ಇದು ಈಕೆಗೆ ಬಾರದು ಎಂಬುದನ್ನು ಎಂದಾದರೂ ಬರೆದದ್ದುಂಟೇ? ನಾನಂತೂ ಬರೆದವಳಲ್ಲ. ಏನು ಬರುವುದೋ ಅದರ ಪಕ್ಕದಲ್ಲಿಯೇ ಏನು ಬಾರದೋ ಅದನ್ನೂ ಬರೆದುಕೊಂಡು ತಿರುಗುವ ವೃತ್ತಿಯವರು ಬಹಳ ಮಂದಿಯಿಲ್ಲ.

೨೦೨೧ನೆಯ ಇಸವಿ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವದ ಮೇಲಿನ ಹಾದಿಯಿಂದ ಎಲ್ಲಿಯೂ ನಿಲ್ಲದೆ ನಮ್ಮ ದೇವನಹಳ್ಳಿಯಲ್ಲಿ ಬಂದಿಳಿದುದನ್ನು ನೀವು ಮರೆತಿರಲಾರಿರಿ. ಅದನ್ನು ನಡೆಸಿದ ನಾಲ್ವರೂ ಹೆಂಗಸರು: ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ನಾವು ಆ ವಾರ್ತೆಯನ್ನು ಪ್ರಾರ್ಥನಾ ಮಂದಿರದ ಸೂಚನಾ ಫಲಕದಲ್ಲಿ ಅಂಟಿಸಿದ್ದೆವು. ಈಗ ಪುನಃ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮುಖ್ಯ ಪೈಲಟಳು ೮೦೦೦ಕ್ಕಿಂತ ಹೆಚ್ಚು ಗಂಟೆ ಹಾರಿದ್ದಾರೆಂದು ಹೇಳಿ ಅಷ್ಟಕ್ಕೆ ಬಿಟ್ಟಿರಲಿಲ್ಲ. ಬೋಯಿಂಗ್ ೭೭೭ ಎಂಬ ಆ ಜಾತಿಯ ವಿಮಾನದಲ್ಲಿಯೇ ನಾಯಕಿಯಾಗಿ ೨೫೦೦ಕ್ಕೂ ಹೆಚ್ಚು ಗಂಟೆ ನಡೆಸಿದ್ದಾರೆಂದು ಬೇರೆಯಾಗಿ ಹೇಳಿತ್ತು. ಆ ವೃತ್ತಿಯಲ್ಲಿ ಗೌರವವನ್ನು ಎಣಿಸುವ ಲೆಕ್ಕವೇ ಇದು. ಭಾರತದ ಪೈಲಟರಲ್ಲಿ ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಲೋಕದ ಸರಾಸರಿ ನೂರಕ್ಕೆ ಐದರ ಆಸುಪಾಸು. ಅವರಲ್ಲಿ ಪ್ರತಿಯೊಬ್ಬಳ ಲೈಸೆನ್ಸಿನಲ್ಲಿಯೂ ನಮ್ಮ ಹುಡುಗಿಯ ನೆಂಟರು ನಕ್ಕ ಆ ಸಾಲು ಇದೆ.

ಇಲ್ಲಿಯವರೆಗೆ ಕಟ್ಟುಗಳ ಪರವಾಗಿ ಹೇಳಿದೆನು. ಇನ್ನು ಅವುಗಳ ಬೆಲೆಯ ಮಾತು. ಇಲ್ಲಿ ನನ್ನ ಅಭಿಪ್ರಾಯ ಬೇರೆ. ಮೊದಲ ಲೈಸೆನ್ಸಿಗೇ ಅರ್ಧ ಕೋಟಿಯ ಆಸುಪಾಸು ಖರ್ಚಾಗುತ್ತದೆ. ಅದರ ಮೇಲೆ ಟೈಪ್ ರೇಟಿಂಗಿಗೆ ಇನ್ನೂ ಅನೇಕ ಲಕ್ಷಗಳು. ಕಂಪನಿಗಳು ಆರಿಸಿಕೊಂಡವರಿಂದಲೇ ತರಬೇತಿಯ ಹಣವನ್ನು ವಸೂಲು ಮಾಡುವುದೂ, ಇಷ್ಟು ವರ್ಷ ಬಿಡುವುದಿಲ್ಲವೆಂದು ಬಾಂಡು ಬರೆಸಿಕೊಳ್ಳುವುದೂ ಉಂಟು. ಇನ್ನು, ಕೆಲಸವೇ ನಿಶ್ಚಯವಾಗದ ಮಕ್ಕಳಿಗೆ, “ರೇಟಿಂಗ್ ಇದ್ದರೆ ತಕ್ಷಣ ಕರೆಯುತ್ತಾರೆ” ಎಂದು ಹೇಳಿ ಮಾರುವ ಮಧ್ಯಸ್ಥರೂ ಇದ್ದಾರೆ. ಆ ತಂದೆಯವರ ಚೀಲದಲ್ಲಿದ್ದ ಕಾಗದಗಳಲ್ಲಿ ಇಂಥದೊಂದು ಬಣ್ಣದ ಹಾಳೆಯೂ ಇತ್ತು. ಕೆಲಸ ಕೊಡುವೆವೆಂಬ ಒಂದು ಮಾತೂ ಅದರಲ್ಲಿರಲಿಲ್ಲ. ಕೊಟ್ಟ ಹಣವನ್ನು ಹಿಂದಿರುಗಿಸುವುದಿಲ್ಲವೆಂಬ ಮಾತು ಸಣ್ಣ ಅಕ್ಷರದಲ್ಲಿ ಇತ್ತು.

ಒಂದೇ ಜಾತಿಗೆ ಕಟ್ಟುಬಿದ್ದ ಅರ್ಹತೆಯೆಂದರೆ, ಆ ಜಾತಿಯ ವಿಮಾನಗಳನ್ನು ಇಟ್ಟುಕೊಂಡಿರುವ ಕಂಪನಿಗಳ ಹಣೆಬರಹಕ್ಕೂ ಕಟ್ಟುಬಿದ್ದಂತೆಯೇ. ನಮ್ಮ ಬೆಂಗಳೂರನ್ನೇ ಮನೆಯಾಗಿ ಮಾಡಿಕೊಂಡು ೨೦೦೫ರಲ್ಲಿ ಆರಂಭವಾದ ಕಿಂಗ್‌ಫಿಷರ್ ೨೦೧೨ರ ಅಕ್ಟೋಬರಿನಲ್ಲಿ ನಿಂತುಹೋಯಿತು. ೨೦೧೯ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಾಗ, ಅದರಲ್ಲಿ ಬೋಯಿಂಗ್ ನಡೆಸುತ್ತಿದ್ದ ಅನೇಕರು, ದೇಶದ ಅತಿ ದೊಡ್ಡ ಕಂಪನಿಯು ಏರ್‌ಬಸ್ಸುಗಳನ್ನೇ ಹೆಚ್ಚಾಗಿ ನಡೆಸುವುದಾಗಿದ್ದುದರಿಂದ, ಮೊದಲಿನಿಂದ ಇನ್ನೊಂದು ಜಾತಿಯನ್ನು ಕಲಿಯಬೇಕಾಯಿತು. ಅನುಭವಿಗಳಿಗೇ ಹೀಗಾದರೆ, ಇನ್ನೂರು ಗಂಟೆಯ ಹುಡುಗಿ, ಸಾಲ ಮಾಡಿ ಕೊಂಡ ಅರ್ಹತೆಯನ್ನು ಕೈಯಲ್ಲಿಟ್ಟುಕೊಂಡು ಕೆಲಸವಿಲ್ಲದೆ ಕುಳಿತರೆ, ತಿಂಗಳು ತಿಂಗಳಿಗೆ ಅದು ಕೆಡುತ್ತ ಹೋಗುತ್ತದೆ. ಅದನ್ನು ಮತ್ತೆ ಜೀವಂತ ಮಾಡುವುದಕ್ಕೆ ಸಿಮ್ಯುಲೇಟರಿನ ಬಾಡಿಗೆ ಬೇರೆ.

ಪ್ರಯಾಣಿಕರ ಸುರಕ್ಷಿತತೆಗಾಗಿ ಇರುವ ಈ ಕಟ್ಟಿನ ಖರ್ಚನ್ನು, ಆ ವಿಮಾನದಿಂದ ಆದಾಯ ಪಡೆಯುವವರೇ ಹೊರುವುದು ನ್ಯಾಯವೆಂದು ನಾನು ಭಾವಿಸುತ್ತೇನೆ. ಯಂತ್ರ ಅವರದು, ಟಿಕೆಟ್ಟಿನ ಹಣ ಅವರದು. ಅವರ ಯಂತ್ರವನ್ನು ನಡೆಸಲು ಕಲಿಸುವ ವೆಚ್ಚ ಮಾತ್ರ ಹೆಸರಘಟ್ಟದ ರಾಗಿಹೊಲದಿಂದ ಬರಬೇಕೆಂಬುದು ಯಾವ ಲೆಕ್ಕ? ಬಾಂಡು ಬರೆಸಿಕೊಳ್ಳಲಿ, ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಳ್ಳಲಿ. ಕೆಲಸ ಕೊಡುವ ಮೊದಲೇ ಕೇಳುವುದು ಸರಿಯಲ್ಲ. ಕೆಲಸದ ಕಾಗದವಿಲ್ಲದವರಿಗೆ ಟೈಪ್ ರೇಟಿಂಗನ್ನು ಮಾರುವಾಗ, ಹಿಂದಿನ ವರ್ಷ ಹಾಗೆ ಕಲಿತವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತ್ತೆಂಬುದನ್ನು ಬರಹದಲ್ಲಿ ತಿಳಿಸತಕ್ಕದ್ದೆಂದು ಸರ್ಕಾರವು ವಿಧಿಸಿದರೆ ಅರ್ಧ ಅನರ್ಥ ತಪ್ಪೀತು. ಪೈಲಟಳ ಲೈಸೆನ್ಸಿನ ಮೇಲೆ ಅವಳ ಕೊರತೆಗಳನ್ನೆಲ್ಲ ಬರೆಯುವ ಲೋಕವು, ಅವಳಿಗೆ ಅದನ್ನು ಮಾರುವವರ ಹಾಳೆಯ ಮೇಲೆ ಏನನ್ನೂ ಬರೆಯಿಸದಿರುವುದು ನನಗೆ ಸರಿಯಾಗಿ ಕಾಣುವುದಿಲ್ಲ.

ಸಹಾಯದ ದಾರಿಗಳು ಇಲ್ಲವೆಂದಲ್ಲ. ದೇವನಹಳ್ಳಿಯ ಬಳಿ ಬೋಯಿಂಗ್ ಕಂಪನಿಯ ದೊಡ್ಡ ಕೇಂದ್ರವು ೨೦೨೪ರ ಜನವರಿಯಲ್ಲಿ ಉದ್ಘಾಟನೆಯಾದಾಗ, ಹೆಣ್ಣುಮಕ್ಕಳಿಗಾಗಿ ಸುಕನ್ಯಾ ಎಂಬ ಯೋಜನೆಯನ್ನೂ ಆರಂಭಿಸಿದರು. ೧೫೦ ಕಡೆಗಳಲ್ಲಿ ವಿಜ್ಞಾನದ ಪ್ರಯೋಗಶಾಲೆಗಳನ್ನು ತೆರೆಯುವುದೂ, ಪೈಲಟ್ ಆಗಲು ಕಲಿಯುವ ಸ್ತ್ರೀಯರಿಗೆ ವಿದ್ಯಾರ್ಥಿವೇತನವನ್ನು ಕೊಡುವುದೂ ಅದರಲ್ಲಿ ಸೇರಿವೆ. ಇಂಥವುಗಳಿಗೆ ಅರ್ಜಿ ಹಾಕುವುದನ್ನು ಪೋಷಕರು ನಾಚಿಕೆಯೆಂದು ತಿಳಿಯಬಾರದು. ಜಮೀನು ಮಾರಲು ನಾಚಿಕೆಯಿಲ್ಲದವರಿಗೆ ಅರ್ಜಿ ಬರೆಯಲು ಏಕೆ?

ಹದಿನೈದು ದಿವಸಗಳ ತರುವಾಯ ತಂದೆಯವರು ಪುನಃ ಬಂದರು; ಈ ಸಲ ಮಗಳನ್ನೂ ಕರೆದುಕೊಂಡು ಬಂದಿದ್ದರು. ಹತ್ತು ಗುಂಟೆಯನ್ನು ಮಾರಬೇಡಿರೆಂದು ಹೇಳಿದೆನು. ಯಾವುದಾದರೂ ಕಂಪನಿಯವರು ಪರೀಕ್ಷೆ ಮಾಡಿ, ಆರಿಸಿ, ಇಂಥ ಜಾತಿಯ ವಿಮಾನಕ್ಕೆ ನೀನು ಬೇಕೆಂದು ಕಾಗದ ಬರೆದುಕೊಟ್ಟ ದಿವಸ ಸಾಲದ ಮಾತನ್ನೆತ್ತೋಣ. ಅದಕ್ಕೆ ಮುಂಚೆ ಯಾವ ಜಾತಿಯೆಂದು ನಾವೇ ಊಹಿಸಿ ಹಣ ಕಟ್ಟುವುದು ಬೇಡ. ಅಷ್ಟರವರೆಗೆ ಇರುವ ಲೈಸೆನ್ಸೂ ವೈದ್ಯರ ಪತ್ರವೂ ಕೆಡದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಖರ್ಚು ಮಾಡಿರಿ ಎಂದೆನು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಇವಳು ಒಂದೇ ವಿಮಾನಕ್ಕೇ ಇರೋದು ಅಂತ ಜನ ನಗೋದು?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಹುಡುಗಿ, “ಅಪ್ಪಾ, ನೀನು ಟ್ರ್ಯಾಕ್ಟರಿಗೆ ಹೊಸ ಡ್ರೈವರ್ನ ಹುಡುಕುವಾಗ ಏನು ಕೇಳ್ತೀಯ?” ಎಂದಳು. ಅವರು ನಕ್ಕುಬಿಟ್ಟರು.

ಈಗ ಆಕೆ ಶನಿವಾರ ಬೆಳಗ್ಗೆ ಬಂದು ನಮ್ಮ ಒಂಬತ್ತನೆಯ ತರಗತಿಯವರಿಗೆ ಭೌತಶಾಸ್ತ್ರದ ಲೆಕ್ಕಗಳನ್ನು ಬಿಡಿಸಿ ತೋರಿಸುತ್ತಿದ್ದಾಳೆ. ಉಳಿದ ದಿವಸಗಳಲ್ಲಿ ಅರ್ಜಿಗಳನ್ನು ಬರೆಯುತ್ತಾಳೆ. ಎರಡು ಕಂಪನಿಗಳ ಬರವಣಿಗೆಯ ಪರೀಕ್ಷೆಗಳು ಮುಗಿದಿವೆ, ಒಂದರ ಫಲಿತಾಂಶ ಇನ್ನೂ ಬರಬೇಕಾಗಿದೆ. ಕಳೆದ ವಾರ ಮಕ್ಕಳು ಕೇಳಿಕೊಂಡರೆಂದು ತನ್ನ ಹಾರಾಟದ ದಿನಚರಿ ಪುಸ್ತಕವನ್ನು ತಂದಿದ್ದಳು. ಪ್ರತಿ ಸಾಲಿನಲ್ಲಿಯೂ ತಾರೀಖು, ಯಾವ ಜಾತಿಯ ವಿಮಾನ, ಎಷ್ಟು ಗಂಟೆ, ಎಷ್ಟು ನಿಮಿಷ. ಅರ್ಧ ಪುಸ್ತಕ ಇನ್ನೂ ಖಾಲಿಯಿತ್ತು.